ಎರಡು ಕಡೆಯ ಹಿಡಿತ

ಮನೆಯ ಮಾತನ್ನು ಪತ್ರಿಕೆಯ ಪುಟಕ್ಕೆ ತರಬಾರದೆಂಬ ಸಂಕೋಚದಲ್ಲಿ ಬೆಳೆದವನು ನಾನು. ಅದರಲ್ಲಿಯೂ ಇದು ನನ್ನ ತಪ್ಪಿನ ಮಾತು. ಇಪ್ಪತ್ತೇಳು ವರ್ಷ ನಾಲಗೆಯ ತುದಿಯವರೆಗೆ ಬಂದು ಮರಳಿ ಒಳಗೆ ಹೋದ ಮಾತು. ಆದರೂ ಬರೆಯಲು ಕುಳಿತಿದ್ದೇನೆ. ಈ ಪತ್ರಿಕೆ ನಮ್ಮ ಮನೆಗಳಲ್ಲಿ ಹಿರಿಯರಿಂದ ಕಿರಿಯರವರೆಗೆ ಕೈಯಿಂದ ಕೈಗೆ ಹೋಗುತ್ತದೆ. ಗಾಡಿ ಓಡಿಸುವ ಮಕ್ಕಳೂ, ಅವರ ಬರವನ್ನು ಕಾಯುತ್ತ ಹೊಸ್ತಿಲಲ್ಲಿ ನಿಲ್ಲುವ ತಾಯಂದಿರೂ, ಪಾನಾ ಹಿಡಿದು ಹೊಟ್ಟೆ ಹೊರೆಯುವ ನನ್ನಂಥ ಕಾಯಕದವರೂ ಇದನ್ನು ಓದುತ್ತಾರೆ. ಅವರಲ್ಲಿ ಒಬ್ಬರಿಗಾದರೂ ಇದರಿಂದ ಎಚ್ಚರ ಉಂಟಾದರೆ ನನ್ನ ಸಂಕೋಚಕ್ಕೆ ಬೆಲೆ ಬಂದಂತೆ.

ನಮ್ಮದು ರಬಕವಿಯ ನೇಕಾರ ಮನೆತನ. ತಂದೆಯವರು ಕೈಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ಬಾಳು ಸವೆಸಿದರು. ನನಗೆ ನೂಲಿಗಿಂತ ಕಬ್ಬಿಣ ಒಲಿಯಿತು. 1984ರಲ್ಲಿ ಜಮಖಂಡಿಯಲ್ಲಿ ತಗಡಿನ ಚಪ್ಪರವೊಂದನ್ನು ಹಾಕಿ ಟ್ರ್ಯಾಕ್ಟರು, ಟ್ರೇಲರುಗಳ ದುರಸ್ತಿಯ ಅಂಗಡಿ ತೆರೆದೆ. ಕೃಷ್ಣೆ, ಘಟಪ್ರಭೆಯರ ನೀರು ಹೊಲಗಳಿಗೆ ಹರಿದಂತೆಲ್ಲ ಜಮಖಂಡಿ, ಮುಧೋಳದ ಕಡೆ ಕಬ್ಬು ಹೆಚ್ಚಿತು. ಕಬ್ಬು ಹೆಚ್ಚಿದಂತೆ ಟ್ರೇಲರುಗಳು ಹೆಚ್ಚಿದವು. ಟ್ರೇಲರುಗಳು ಹೆಚ್ಚಿದಂತೆ ನನ್ನ ಅಂಗಡಿಯಲ್ಲಿ ಬೆಂಕಿ ಆರದಾಯಿತು. ಆ ದುಡಿಮೆಯಿಂದಲೇ ಮನೆ ಕಟ್ಟಿದೆ, ಮಗಳ ಮದುವೆ ಮಾಡಿದೆ, ಮಗನನ್ನು ಯಂತ್ರಶಾಸ್ತ್ರ ಓದಿಸಿದೆ. ಅವನು 2014ರಲ್ಲಿ ಇಂಗ್ಲೆಂಡಿಗೆ ಹೋಗಿ ಬ್ರಿಸ್ಟಲ್ ನಗರದಲ್ಲಿ ನೌಕರಿ ಹಿಡಿದು ಅಲ್ಲಿಯೇ ಸಂಸಾರ ಹೂಡಿದ.

2022ರ ದೀಪಾವಳಿಯ ಮರುದಿನ ಸೊಸೆ ದೂರವಾಣಿಯಲ್ಲಿ ಮಾತನಾಡುತ್ತ ಯಾವುದೋ ಮಾತಿಗೆ, "ಅವರು ರೇಸಿನ ಟ್ರ್ಯಾಕಿಗೆ ಹೋಗ್ಯಾರ್ರೀ ಅತ್ತಿ" ಎಂದುಬಿಟ್ಟಳು. ಮಗ ಎರಡು ವರ್ಷದಿಂದ ಎರಡೇ ಆಸನದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಇಟ್ಟುಕೊಂಡಿದ್ದಾನೆ, ತಿಂಗಳಿಗೊಮ್ಮೆ ಅದನ್ನು ಟ್ರ್ಯಾಕಿನಲ್ಲಿ ಓಡಿಸುತ್ತಾನೆ, ನಮಗೆ ತಿಳಿಸಬಾರದೆಂದು ಹೆಂಡತಿಗೆ ಹೇಳಿದ್ದಾನೆ ಎಂಬುದು ಹೀಗೆ ಬಯಲಾಯಿತು. ನನ್ನ ಮನೆಯವರು ಅಂದು ಊಟ ಮಾಡಲಿಲ್ಲ. "ಮೊಮ್ಮಗಳ ಮಾರಿ ನೋಡಿಯಾರ ಬಿಡು ಅಂತ ಅವಂಗ ಹೇಳ್ರಿ" ಎಂದು ಒಂದೇ ಹಟ. ಮೊಮ್ಮಗಳಿಗೆ ಆಗ ಎರಡು ವರ್ಷ. ನಾನು ಮಗನೊಡನೆ ಮಾತನಾಡಲು ಹೋಗಿ ಕೋಪ ಮಾಡಿಕೊಂಡೆ. ಅವನು ಮೌನವಾದ. ಮುಂದೆ ಏಳೆಂಟು ತಿಂಗಳು ನಮ್ಮ ಮಾತುಗಳೆಲ್ಲ ಮಳೆ, ಬೆಳೆ, ಆರೋಗ್ಯ ಇಷ್ಟಕ್ಕೆ ನಿಂತವು.

ವೇಗದ ಮೋಹ ನಮ್ಮ ನಾಡಿಗೇನೂ ಹೊಸದಲ್ಲ. ಮುಧೋಳದ ಬೇಟೆನಾಯಿಯ ಓಟವನ್ನು ಕಣ್ಣಾರೆ ಕಂಡವರು ನಾವು. ಜಾತ್ರೆಯ ಬಯಲಿನಲ್ಲಿ ಎತ್ತಿನ ಗಾಡಿಯ ಓಟವಿದ್ದರೆ ಹತ್ತು ಹರದಾರಿ ನಡೆದು ಹೋದವರು ನಾವು. ಬಾಲ್ಯದಲ್ಲಿ ನಾನು ಕಂಡ ಒಂದು ಸಂಗತಿ ಮನದಲ್ಲಿ ಉಳಿದಿದೆ. ಓಟಕ್ಕೆ ಮುನ್ನ ಹುಡುಗರೆಲ್ಲ ಎತ್ತಿನ ಕೊಂಬು, ಜೂಲು, ಮೈಬಣ್ಣ ನೋಡಿ ಹಿಗ್ಗುತ್ತಿದ್ದರೆ ಅನುಭವಿಗಳಾದ ಮುದುಕರು ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಗಾಲಿಯ ಕಡಾಣಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಗಾಲಿ ಅಚ್ಚಿನಿಂದ ಕಳಚದಂತೆ ತಡೆಯುವ ಆ ಬೆರಳುದ್ದದ ಕೀಲು ನೋಡುಗರ ಕಣ್ಣಿಗೆ ಬೀಳುವುದೇ ಇಲ್ಲ. ಓಡುವವನ ಪ್ರಾಣ ಮಾತ್ರ ಅದರಲ್ಲಿರುತ್ತದೆ.

2023ರ ಜೂನ್ ತಿಂಗಳಲ್ಲಿ ಮಗನೇ ಟಿಕೆಟ್ಟು ತೆಗೆಸಿ ನಮ್ಮಿಬ್ಬರನ್ನೂ ಕರೆಸಿಕೊಂಡ. ಹೋಗುವಾಗಲೇ ನಾನು ನಿಶ್ಚಯಿಸಿದ್ದೆ: ಎದುರು ಕುಳಿತು ಹೇಳಬೇಕು, ಆ ಗಾಡಿಯನ್ನು ಮಾರಿಸಬೇಕು, ನಂತರವೇ ಊರಿಗೆ ಮರಳಬೇಕು. ಆದರೆ ಮೂರನೆಯ ದಿನ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ ಹಿತ್ತಲಿನ ಗ್ಯಾರೇಜಿಗೆ ಹೋದಾಗ, ಕಾರಿನ ಹಿಂಭಾಗವನ್ನು ಸ್ಟ್ಯಾಂಡುಗಳ ಮೇಲೆ ಏರಿಸಿ, ಎರಡೂ ಹಿಂದಿನ ಗಾಲಿಗಳನ್ನು ಬಿಚ್ಚಿ, ಮಗ ನೆಲದ ಮೇಲೆ ಅಂಗಾತ ಮಲಗಿದ್ದ. ನನ್ನ ಕಾಲಸಪ್ಪಳ ಕೇಳಿ ಎದ್ದ. ಬಯ್ಗುಳಕ್ಕೆ ಸಿದ್ಧನಾದವನಂತೆ ತಲೆ ತಗ್ಗಿಸಿ, "ಅಪ್ಪಾ, ಹ್ವಾದ ಸಲ ಓಡಸುವಾಗ ಗಾಡಿ ಹಿಂದಿನಿಂದ ತುಸು ಹೊಯ್ದಾಡಾಕತ್ತಿತ್ತು. ಬಿಚ್ಚಿ ನೋಡಿದ್ರ ಈ ಟೋ ಲಿಂಕಿನ ಜಾಯಿಂಟು ಸಡಲಾಗೇತಿ" ಎಂದ. ಕಬ್ಬಿಣದ ಮಾತು ಕಿವಿಗೆ ಬಿದ್ದಾಗ ನನ್ನ ಕೋಪ ಒಂದು ಗಳಿಗೆ ಹಿಂದೆ ಸರಿಯಿತು. ನಲವತ್ತು ವರ್ಷದ ಅಭ್ಯಾಸ. ಮೊಣಕಾಲೂರಿ ಬಗ್ಗಿ ನೋಡಿದೆ.

ಟೋ ಎಂದರೇನೆಂದು ತಿಳಿಯದ ತಾಯಂದಿರಿಗಾಗಿ ಒಂದು ಮಾತು. ಎದ್ದು ನಿಂತು ನಿಮ್ಮ ಪಾದಗಳನ್ನು ನೋಡಿಕೊಳ್ಳಿರಿ. ಇಂಗ್ಲಿಷಿನಲ್ಲಿ ಟೋ ಎಂದರೆ ಕಾಲ್ಬೆರಳು. ಎರಡೂ ಪಾದಗಳ ಬೆರಳುಗಳು ತುಸು ಒಳಮುಖವಾಗಿದ್ದರೆ ಗಾಡಿಯ ಭಾಷೆಯಲ್ಲಿ ಅದು ಟೋ-ಇನ್, ಹೊರಮುಖವಾಗಿದ್ದರೆ ಟೋ-ಔಟ್. ಗಾಡಿಯ ಗಾಲಿಗಳನ್ನು ಮೇಲಿನಿಂದ ನೋಡಿದಾಗಲೂ ಹೀಗೆಯೇ. ಹಿಂದಿನ ಗಾಲಿಗಳು ಕೂದಲೆಳೆಯಷ್ಟು ಒಳಮುಖವಾಗಿದ್ದರೆ ಗಾಡಿಯ ಬೆನ್ನು ನೆಟ್ಟಗೆ ನಿಲ್ಲುತ್ತದೆ. ತಿರುವಿನ ಭಾರಕ್ಕೆ ಅವು ಹೊರಮುಖವಾದರೆ ಹಿಂಭಾಗ ತಾನೇ ಬೇರೊಂದು ದಾರಿ ಹಿಡಿಯಲು ಹೊರಟು ಗಾಡಿ ಬುಗುರಿಯಂತೆ ತಿರುಗಿಬಿಡುತ್ತದೆ. ಟ್ರ್ಯಾಕ್ಟರಿನ ಮುಂದಿನ ಗಾಲಿಗಳನ್ನು ಕೂಡಿಸುವ ಟೈ ರಾಡನ್ನು ನಮ್ಮ ರೈತರೆಲ್ಲ ಬಲ್ಲರು. ಮಗನ ಕಾರಿನಲ್ಲಿ ಹಿಂದಿನ ಒಂದೊಂದು ಗಾಲಿಗೂ ಅಂಥದೇ ಒಂದೊಂದು ಸಣ್ಣ ರಾಡು ಇತ್ತು. ಒಂದು ತುದಿ ಗಾಡಿಯ ಚೌಕಟ್ಟಿಗೆ, ಇನ್ನೊಂದು ತುದಿ ಗಾಲಿಯ ಗುಂಬವನ್ನು ಹೊತ್ತ ಭಾಗಕ್ಕೆ. ಎರಡು ತುದಿಗೂ ಒಂದೊಂದು ಬಾಲ್ ಜಾಯಿಂಟ್. ಗಾಲಿಯನ್ನು ಮೇಲೆ ಕೆಳಗೆ ಆಡಗೊಡುವುದು, ಎಡಕ್ಕೆ ಬಲಕ್ಕೆ ತಿರುಗಗೊಡದಿರುವುದು, ಇಷ್ಟೇ ಅದರ ಕಾಯಕ. ಅದಕ್ಕೆ ಟೋ ಲಿಂಕ್ ಎಂದು ಹೆಸರು.

ಬ್ಯಾಟರಿಯ ಬೆಳಕಿನಲ್ಲಿ ಒಳತುದಿಯ ಜಾಯಿಂಟನ್ನು ನೋಡಿದೆ. ನೋಡಿದವನು ಹಾಗೆಯೇ ನೆಲದ ಮೇಲೆ ಕುಳಿತುಬಿಟ್ಟೆ. ಜಾಯಿಂಟಿನ ಮೊಳೆಯು ಚೌಕಟ್ಟಿನ ಒಂದೇ ತಗಡಿಗೆ ಒಂದೇ ಕಡೆಯಿಂದ ಬಿಗಿದು ನಿಂತಿತ್ತು. ಇನ್ನೊಂದು ತುದಿಗೆ ಆಧಾರವಿರಲಿಲ್ಲ. ಗೋಡೆಗೆ ಹೊಡೆದ ಗೂಟದ ತುದಿಗೆ ಕೊಡ ತೂಗುಹಾಕಿದಂತೆ ತಿರುವಿನ ಬಲವೆಲ್ಲ ಅದರ ಬುಡವನ್ನು ಬಾಗಿಸುತ್ತಿತ್ತು. ಬೀದಿಯಲ್ಲಿ ಸಾಧಾರಣವಾಗಿ ಓಡಿಸುವವರಿಗೆ ಇದರಿಂದ ಬಾಧೆಯಿಲ್ಲ. ಆ ಲೆಕ್ಕದಲ್ಲಿಯೇ ಮಾಡಿದ್ದು. ಆದರೆ ಟ್ರ್ಯಾಕಿನಲ್ಲಿ ಅಂಟು ಹೆಚ್ಚಿದ ಟೈರು ಹಾಕಿ ತಿರುವಿಗೆ ನುಗ್ಗಿದಾಗ ಗಾಡಿಯ ಮೇಲೆ ಬೀಳುವ ಅಡ್ಡಬಲ ಗಾಡಿಯ ತೂಕಕ್ಕೇ ಸಮನಾಗಿ ಬರುತ್ತದೆ. ದಿನಕ್ಕೆ ನೂರಾರು ತಿರುವು; ಪ್ರತಿ ತಿರುವಿಗೂ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬಾಗು.

ಲೋಹಕ್ಕೂ ದಣಿವು ಉಂಟು. ಒಂದೇ ಏಟಿಗೆ ಮುರಿಯದ ಕಬ್ಬಿಣ, ಅದಕ್ಕಿಂತ ಎಷ್ಟೋ ಕಡಿಮೆ ಬಲದ ಸಾವಿರಾರು ಬಾಗುಗಳಿಗೆ ಸೋಲುತ್ತದೆ. ಫ್ರಾನ್ಸಿನ ವರ್ಸೈ ಬಳಿ 1842ರಲ್ಲಿ ರೈಲಿನ ಅಚ್ಚೊಂದು ಹೀಗೆ ಮುರಿದು ಬಹುಮಂದಿ ಪ್ರಾಣ ಕಳೆದುಕೊಂಡರು. ಜರ್ಮನಿಯ ಆಗಸ್ಟ್ ವೋಲರ್ ಎಂಬ ಎಂಜಿನಿಯರರು ಮುಂದಿನ ದಶಕಗಳಲ್ಲಿ ರೈಲಿನ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸಿ, ಎಷ್ಟು ಬಲಕ್ಕೆ ಎಷ್ಟು ಸಲ ಬಾಗಿದರೆ ಬಿರುಕು ಹುಟ್ಟುವುದೆಂದು ಲೆಕ್ಕ ತೋರಿಸಿಕೊಟ್ಟರು. ಆ ಬಿರುಕು ಹೊರಗೆ ಕಾಣಿಸದು. ಮರೆಯ ಹೊಂಚಿನಂತೆ ಒಳಗೊಳಗೇ ಬೆಳೆದು, ನಂಬಿದ ಗಳಿಗೆಯಲ್ಲಿಯೇ ಕೈ ಬಿಡುತ್ತದೆ.

"ಇದು ಒಂದ ಕಡೆ ಹಿಡದೈತಲ್ಲೋ ತಮ್ಮಾ" ಎಂದೆ. ನನ್ನ ಧ್ವನಿ ನನಗೇ ಅಪರಿಚಿತವಾಗಿ ಕೇಳಿಸಿತು. "ಹೌದಪ್ಪಾ, ಅದಕ್ಕ ಇದನ್ನ ತರಿಸೇನಿ" ಎಂದು ಮಗ ಪೆಟ್ಟಿಗೆ ತೆರೆದು ತೋರಿಸಿದ. ಟ್ರ್ಯಾಕಿಗೆ ಹೋಗುವವರಿಗಾಗಿಯೇ ಮಾಡಿದ ಹೊಸ ಲಿಂಕುಗಳು. ರಬ್ಬರಿನ ಅಥವಾ ಸಾಧಾರಣ ಜಾಯಿಂಟಿನ ಬದಲು ಉಕ್ಕಿನ ಗುಂಡಿನ ಬೇರಿಂಗು. ಒಳತುದಿಗೆ ಇನ್ನೊಂದು ತಗಡಿನ ಆಧಾರ, ಎಡಬಲದ ಎರಡನ್ನೂ ಕೂಡಿಸುವ ಒಂದು ಅಡ್ಡಪಟ್ಟಿ. ಬೋಲ್ಟು ಈಗ ಎರಡು ತಗಡುಗಳ ನಡುವೆ ಕೂಡುತ್ತದೆ. ಭಾರ ಎರಡು ಕಡೆಗೆ ಹಂಚಿಹೋಗುತ್ತದೆ, ಬಾಗುವುದಕ್ಕೆ ಎಡೆಯಿಲ್ಲ.

ಎರಡು ತಗಡುಗಳ ನಡುವಿನ ಆ ಬೋಲ್ಟನ್ನು ಕೈಯಲ್ಲಿ ಹಿಡಿದಾಗ ನನ್ನ ಕಣ್ಣೆದುರು ಬ್ರಿಸ್ಟಲ್ ಇರಲಿಲ್ಲ, 1996ರ ಮಾಗಿಯ ಒಂದು ರಾತ್ರಿ ಇತ್ತು.

ಆಗ ನಮ್ಮದು ಇನ್ನೂ ವಿಜಾಪುರ ಜಿಲ್ಲೆ. ಕಬ್ಬಿನ ಹಂಗಾಮು ಭರದಲ್ಲಿತ್ತು. ಬೀಳಗಿಯ ಕಡೆಯ ಒಬ್ಬ ಟ್ರ್ಯಾಕ್ಟರ್ ಮಾಲೀಕರು ರಾತ್ರಿ ಹತ್ತು ಗಂಟೆಗೆ ಅಂಗಡಿಯ ಬಾಗಿಲು ಬಡಿದರು. ಎರಡು ಟ್ರೇಲರು ಜೋಡಿಸಿ ಕಬ್ಬು ಸಾಗಿಸುವಾಗ ಮುಂದಿನ ಟ್ರೇಲರಿನ ಹಿಂಭಾಗದಲ್ಲಿ ಒಂದು ಕೊಂಡಿ ಇರುತ್ತದೆ. ಮೇಲೊಂದು ದಪ್ಪ ತಗಡು, ಕೆಳಗೊಂದು ದಪ್ಪ ತಗಡು. ನಡುವೆ ಹಿಂದಿನ ಟ್ರೇಲರಿನ ಮೂತಿಯ ಬಳೆ. ಮೂರನ್ನೂ ಹೆಣೆದು ಮೇಲಿನಿಂದ ಇಳಿಬಿಟ್ಟ ಪಿನ್ನು. ಆ ಟ್ರೇಲರಿನಲ್ಲಿ ಕೆಳಗಿನ ತಗಡು ಸೀಳಿ ಜೋತುಬಿದ್ದಿತ್ತು. ಅದನ್ನು ಪೂರ್ತಿ ಕಿತ್ತು ಹೊಸ ತಗಡು ಕೂಡಿಸಲು ನಾಲ್ಕು ಗಂಟೆ ಬೇಕು, ಅಂಗಡಿಯಲ್ಲಿ ಆ ದಪ್ಪದ ತಗಡೂ ಇರಲಿಲ್ಲ. ಕಾರ್ಖಾನೆಯ ಸರದಿ ತಪ್ಪಿದರೆ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆಂದು ಮಾಲೀಕರ ಅವಸರ. "ಜೋತುಬಿದ್ದಿದ್ದನ್ನ ಕೊಯ್ದ ಒಗೀರಿ, ಮ್ಯಾಲಿಂದು ಗಟ್ಟಿ ಮಾಡ್ರಿ. ಹಂಗಾಮು ಮುಗೀಲಿ, ಆಮ್ಯಾಲ ನೋಡೂಣು" ಎಂದರು. ಹಾಗೆ ಮಾಡಬಾರದೆಂದು ನನಗೆ ಗೊತ್ತಿತ್ತು. ಆಗುವುದಿಲ್ಲ ಎಂಬ ಒಂದು ಮಾತನ್ನು ಅಂದು ನಾನು ಆಡಬೇಕಿತ್ತು. ನಿದ್ದೆಯ ಮಂಪರು, ಕಾಯಂ ಗಿರಾಕಿಯ ದಾಕ್ಷಿಣ್ಯ, ನೂರು ರೂಪಾಯಿ ಕೂಲಿ. ಗ್ಯಾಸ್ ಕಟರು ಹಚ್ಚಿ ಕೆಳಗಿನ ತಗಡನ್ನು ಕೊಯ್ದು, ಮೇಲಿನದಕ್ಕೆ ವೆಲ್ಡಿಂಗ್ ಮಾಡಿ ಕಳಿಸಿದೆ. ಪಿನ್ನು ಒಂದೇ ಕಡೆಯ ಹಿಡಿತದಲ್ಲಿ ಉಳಿಯಿತು.

ಅದು ಒಂಬತ್ತು ದಿನ ಭಾರ ಎಳೆಯಿತು. ಹತ್ತನೆಯ ದಿನ ಒಂದು ಏರಿನಲ್ಲಿ ಮುರಿಯಿತು. ಹಿಂದಿನ ಟ್ರೇಲರು ತುಂಬಿದ ಕಬ್ಬಿನೊಡನೆ ಹಿಮ್ಮುಖವಾಗಿ ಉರುಳಿ ರಸ್ತೆಯ ಬದಿಗೆ ಬಿದ್ದಿತು. ಅದರ ಮೂತಿಯ ಮೇಲೆ ಕಾಲಿಟ್ಟು ನಿಂತಿದ್ದ ಹದಿನಾರು ವರ್ಷದ ಸಹಾಯಕ ಹುಡುಗನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಸ್ಪತ್ರೆಯ ಖರ್ಚನ್ನು ಮಾಲೀಕರು ನೋಡಿಕೊಂಡರು. ಪಿನ್ನು ಹಳೆಯದಾಗಿತ್ತು ಎಂದು ಎಲ್ಲರೂ ಆಡಿಕೊಂಡರು. ತಗಡಿನ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಂದಿನಿಂದ ಒಂದೇ ತಗಡಿನ ಕೊಂಡಿಯೊಡನೆ ಯಾವ ಟ್ರೇಲರನ್ನೂ ನನ್ನ ಅಂಗಡಿಯಿಂದ ಹೊರಗೆ ಬಿಟ್ಟಿಲ್ಲ. ಗಿರಾಕಿಗಳು ಬಯ್ದು ಹೋದರೂ ಬಿಟ್ಟಿಲ್ಲ. ಆದರೆ ಏಕೆ ಬಿಡುವುದಿಲ್ಲವೆಂದು ಮನೆಯವರಿಗೂ ಹೇಳಿರಲಿಲ್ಲ.

ಅಂದು ಗ್ಯಾರೇಜಿನ ನೆಲದ ಮೇಲೆ ಮಲಗಿ ಮಗನಿಗೆ ಇದನ್ನೆಲ್ಲ ಹೇಳಿದೆ. ಕಾರು ನಮ್ಮಿಬ್ಬರ ನಡುವೆ ಇತ್ತು. ಅವನ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನ ಮುಖ ಅವನಿಗೆ ಕಾಣುತ್ತಿರಲಿಲ್ಲ. ಆದ್ದರಿಂದಲೇ ಹೇಳುವುದು ಸಾಧ್ಯವಾಯಿತೇನೋ. ಬಹಳ ಹೊತ್ತು ಅವನು ಮಾತನಾಡಲಿಲ್ಲ. ನಂತರ, "ಅಪ್ಪಾ, ಆ ಕಡೆಯಿಂದ ಬೋಲ್ಟಿನ ತಲಿ ಹಿಡಿ, ನಾ ಈ ಕಡೆ ನಟ್ಟು ಬಿಗೀತೇನಿ" ಎಂದ. ಹಿಡಿದೆ. ಏಳೆಂಟು ತಿಂಗಳ ನಂತರ ನಾವಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು.

ಕೆಲಸ ಎರಡು ದಿನ ನಡೆಯಿತು. ಹಳೆಯ ಜಾಯಿಂಟನ್ನು ಬಿಚ್ಚಿ ಒರೆಸಿ ಭೂತಗನ್ನಡಿ ಹಿಡಿದು ನೋಡಿದರೆ, ಮೊಳೆಯ ಬುಡದಲ್ಲಿ ಮೊದಲನೆಯ ಸುತ್ತಿನ ಎಳೆಯ ಬಳಿ ಕೂದಲಿಗಿಂತ ತೆಳ್ಳಗಿನ ಒಂದು ಕಂದು ಗೆರೆ. ಅದು ತುಕ್ಕಿನ ಗೆರೆ. ಬಿರುಕಿನೊಳಗೆ ನೀರು ಇಳಿದ ಗುರುತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನು ಅದನ್ನು ಎಸೆಯಲಿಲ್ಲ. ಬಟ್ಟೆಯಲ್ಲಿ ಸುತ್ತಿ ಗ್ಯಾರೇಜಿನ ಕಪಾಟಿನಲ್ಲಿ, ದಿನವೂ ಕಣ್ಣಿಗೆ ಬೀಳುವಂತೆ ಇಟ್ಟ.

ಹೊಸ ಲಿಂಕುಗಳಿಗೆ ಅವುಗಳದೇ ಆದ ಕಟ್ಟಳೆಗಳಿವೆ. ಉಕ್ಕಿನ ಗುಂಡಿನ ಬೇರಿಂಗು ರಬ್ಬರಿನಂತೆ ಹಿಗ್ಗಿ ಕುಗ್ಗುವುದಿಲ್ಲ. ಆದ್ದರಿಂದಲೇ ಗಾಲಿಯ ಕೋನ ತಿರುವಿನಲ್ಲಿ ಅಲುಗದೆ ನಿಲ್ಲುತ್ತದೆ. ಆದರೆ ಅದು ಧೂಳನ್ನೂ ನೀರನ್ನೂ ಸಹಿಸದು. ಮೇಲೆ ರಬ್ಬರಿನ ಟೊಪ್ಪಿಗೆ ಹಾಕಬೇಕು; ಸವೆತವನ್ನು ಆಗಾಗ ಪರೀಕ್ಷಿಸಬೇಕು; ಬೀದಿಯಲ್ಲಿ ತುಸು ಸದ್ದನ್ನೂ ಸಹಿಸಿಕೊಳ್ಳಬೇಕು. ನೈಲಾಕ್ ನಟ್ಟನ್ನು ಒಮ್ಮೆ ಬಿಚ್ಚಿದರೆ ಮತ್ತೆ ಬಳಸಬಾರದು. ಬಿಗಿಯುವುದಕ್ಕೂ ಅಳತೆಯ ಪಾನಾ ಉಂಟು. ಕಡಿಮೆ ಬಿಗಿದರೆ ಸಡಿಲು, ಹೆಚ್ಚು ಬಿಗಿದರೆ ಬೋಲ್ಟಿಗೇ ನೋವು. ಜೀವಮಾನವೆಲ್ಲ ತೋಳಿನ ಅಂದಾಜಿನಲ್ಲಿಯೇ ಬಿಗಿದ ನನಗೆ ಮಗ ಆ ಪಾನಾದ ಮುಳ್ಳನ್ನು ತೋರಿಸಿ ಕಲಿಸಿದ. ನಾನು ಕಲಿತೆ.

ಕೊನೆಗೆ ಗಾಲಿಯ ನೇರವನ್ನು ಅಳೆಯುವ ಕೆಲಸ. ಊರಿನಿಂದ ನನ್ನ ಮನೆಯವರು ಸೊಸೆಗೆಂದು ತಂದಿದ್ದ ಇಳಕಲ್ಲ ಸೀರೆಯ ಗಂಟಿಗೆ ಬನಹಟ್ಟಿಯ ಗಟ್ಟಿ ನೂಲಿನ ದಾರ ಸುತ್ತಿತ್ತು. ಅದನ್ನೇ ಬಿಚ್ಚಿಕೊಂಡು ಬಂದೆ. ಕಾರಿನ ಎರಡೂ ಬದಿಗೆ, ನಡುಗೆರೆಗೆ ಸಮಾಂತರವಾಗಿ, ಗಾಲಿಯ ನಡುಮಟ್ಟಕ್ಕೆ ದಾರ ಕಟ್ಟಿದೆವು. ಗಾಲಿಯ ಅಂಚಿನ ಮುಂತುದಿಯಿಂದ ದಾರಕ್ಕೆ ಎಷ್ಟು, ಹಿಂತುದಿಯಿಂದ ದಾರಕ್ಕೆ ಎಷ್ಟು ಎಂದು ಅಳೆದರೆ ಅವೆರಡರ ವ್ಯತ್ಯಾಸವೇ ಟೋ. ಮುಂತುದಿಯ ಅಳತೆ ಹೆಚ್ಚಿದ್ದರೆ ಗಾಲಿ ಒಳಮುಖವಾಗಿದೆ ಎಂದು ಅರ್ಥ. ಒಂದೊಂದು ಬದಿಗೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಒಳಮುಖ ಬೇಕಿತ್ತು. ಲಿಂಕನ್ನು ಕಾಲು ಸುತ್ತು ತಿರುಗಿಸುವುದು, ಗಾಡಿಯನ್ನು ಮುಂದಕ್ಕೂ ಹಿಂದಕ್ಕೂ ತಳ್ಳಿ ನಿಲ್ಲಿಸುವುದು, ಮತ್ತೆ ಅಳೆಯುವುದು. ಹನ್ನೊಂದು ಸಲ ಅಳೆದೆವು. ಹಾಸಿನ ಒಂದೊಂದು ಎಳೆಯ ಬಿಗಿತವನ್ನು ಬೆರಳಿನಿಂದ ಮೀಟಿ ನೋಡುತ್ತಿದ್ದ ನನ್ನ ತಂದೆಯವರು ಅಂದು ನೆನಪಾದರು. ನಟ್ಟುಗಳನ್ನು ಬಿಗಿದ ನಂತರ ಪ್ರತಿಯೊಂದರ ಮೇಲೂ ಬಿಳಿ ಬಣ್ಣದ ಒಂದು ಗೆರೆ ಎಳೆದೆವು. ನಟ್ಟು ಅಲುಗಿದರೆ ಗೆರೆ ತುಂಡಾಗಿ ಕಾಣುತ್ತದೆ. ಬಗ್ಗಿ ನೋಡಿದವನಿಗೆ ಅದು ಸುಳ್ಳು ಹೇಳುವುದಿಲ್ಲ.

ಅದೇ ವಾರ ಮಗ ನಮ್ಮನ್ನು ಲಂಡನ್ನಿಗೆ ಕರೆದೊಯ್ದ. ಥೇಮ್ಸ್ ನದಿಯ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಉದ್ಯಾನದಲ್ಲಿ, ವಿಶ್ವಗುರು ಬಸವಣ್ಣನವರ ಪ್ರತಿಮೆಯ ದರ್ಶನವಾಯಿತು. 2015ರ ನವೆಂಬರ್ 14ರಂದು ಪ್ರಧಾನಿಗಳು ಅನಾವರಣ ಮಾಡಿದ ಪ್ರತಿಮೆ ಅದು. ಕೂಡಲಸಂಗಮ ನಮಗೆ ಅಂಗಳದ ನೆರೆ; ಅಲ್ಲಿ ಎಷ್ಟು ಸಲ ಕೈಮುಗಿದಿಲ್ಲ! ಆದರೆ ಅಷ್ಟು ದೂರದ ನದಿಯ ದಂಡೆಯಲ್ಲಿ ಕೈಮುಗಿದು ನಿಂತಾಗ ಕಣ್ಣು ತುಂಬಿತು. ಹಗ್ಗ ಹೊಸೆದ ನುಲಿಯ ಚಂದಯ್ಯ, ನೂಲು ನೇಯ್ದ ಜೇಡರ ದಾಸಿಮಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಇವರೆಲ್ಲ ತಮ್ಮ ಕಾಯಕವನ್ನು ಪೂಜೆಗೆ ಸಮನೆಂದು ಬಗೆದವರು. ಹೊಸೆದ ಹಗ್ಗ ಇನ್ನೊಬ್ಬರ ಬಾವಿಗೆ ಇಳಿಯುತ್ತದೆ, ನಡೆಸುವ ದೋಣಿಯಲ್ಲಿ ಇನ್ನೊಬ್ಬರ ಮಕ್ಕಳು ಕುಳಿತಿರುತ್ತಾರೆ. ಅದರಲ್ಲಿ ಒಂದು ಎಳೆ ಕಡಿಮೆ ಮಾಡಿ ಮೂರು ಹೊತ್ತು ಪೂಜೆ ಮಾಡಿದರೆ ಫಲವೇನು? 1996ರ ಆ ರಾತ್ರಿಯ ಮರುದಿನವೂ ನಾನು ತಪ್ಪದೆ ಪೂಜೆ ಮಾಡಿದ್ದೆ. ಆ ವಿಚಾರ ಅಲ್ಲಿ ನನ್ನನ್ನು ಬಹಳ ನೋಯಿಸಿತು.

ಮುಂದಿನ ಶನಿವಾರ ಮಗ ಟ್ರ್ಯಾಕಿಗೆ ಹೊರಟ. ಈ ಸಲ ಎಲ್ಲರನ್ನೂ ಕರೆದೊಯ್ದ. ವಿಲ್ಟ್‌ಶೈರ್ ಪ್ರಾಂತದ ಕ್ಯಾಸಲ್ ಕೂಂಬ್ ಎಂಬ ಊರಿನ ಬಳಿಯ ಟ್ರ್ಯಾಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ನಿಲ್ದಾಣವಾಗಿದ್ದು 1950ರಲ್ಲಿ ಓಟದ ಹಾದಿಯಾಯಿತು. ಒಂದು ಸುತ್ತಿಗೆ ಹೆಚ್ಚು ಕಡಿಮೆ ಮೂರು ಕಿಲೋಮೀಟರು. ನಮ್ಮಲ್ಲಿಯೂ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ ಇಂಥದೊಂದು ಹಾದಿ 1990ರಿಂದ ಇದೆ. ಅಂದು ಅಲ್ಲಿ ನಡೆದದ್ದು ಪಂದ್ಯವಲ್ಲ. ಗೆದ್ದವರು ಸೋತವರು ಎಂಬುದಿಲ್ಲ. ಬೆಳಿಗ್ಗೆ ಎಲ್ಲರನ್ನೂ ಕೂಡಿಸಿ ನಿಯಮ ಹೇಳುತ್ತಾರೆ. ಶಿರಸ್ತ್ರಾಣ ಕಡ್ಡಾಯ, ಮುಂದಿನವನು ಒಪ್ಪಿ ದಾರಿ ಕೊಟ್ಟರಷ್ಟೇ ಹಿಂದಿನವನು ದಾಟಬೇಕು. ಎದುರಿನಿಂದ ಗಾಡಿ ಬರುವುದಿಲ್ಲ, ದನ ಕರು ಅಡ್ಡ ಬರುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರೇಲರುಗಳ ನಡುವೆ ರಾತ್ರಿ ಮೋಟಾರ್ ಸೈಕಲ್ಲು ನುಗ್ಗಿಸುವ ನಮ್ಮ ಹುಡುಗರ ನೆನಪಾಗಿ, ಯಾವುದು ಹೆಚ್ಚು ಅಪಾಯವೆಂದು ಯೋಚಿಸುವಂತಾಯಿತು.

ಮಗ ಮೊದಲು ನಿಧಾನವಾಗಿ ಮೂರು ಸುತ್ತು ಹಾಕಿ ಬಂದ. ಜಾಕು ಹಾಕಿ ಗಾಡಿ ಎತ್ತಿದ. ಇಬ್ಬರೂ ಬಗ್ಗಿ ಬಿಳಿಯ ಗೆರೆಗಳನ್ನು ನೋಡಿದೆವು. ಒಂದೂ ಅಲುಗಿರಲಿಲ್ಲ. ನಂತರವೇ ಅವನು ವೇಗವಾಗಿ ಹೊರಟ. ನನ್ನ ಮನೆಯವರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣುಮುಚ್ಚಿ ಷಡಕ್ಷರಿ ಮಂತ್ರ ಜಪಿಸುತ್ತಿದ್ದರು. ಗಾಡಿ ತಿರುವಿನಲ್ಲಿ ಬಂದಾಗ ನಾನು ಅದರ ಹಿಂದಿನ ಗಾಲಿಗಳನ್ನಷ್ಟೇ ನೋಡಿದೆ. ಹಾದಿಗೆ ಅಂಟಿಸಿದಂತೆ, ಹೊಯ್ದಾಟವಿಲ್ಲದೆ, ಸಾಗಿಹೋದವು.

ಮನೆಗೆ ಮರಳುವಾಗ ನಾನು ಗಾಡಿ ಮಾರು ಎಂದು ಹೇಳಲಿಲ್ಲ. ಎರಡು ಮಾತು ಹೇಳಿದೆ. ಹೊರಡುವ ಮುನ್ನ ಪ್ರತಿ ಸಲವೂ ಆ ಗೆರೆಗಳನ್ನು ನೋಡಬೇಕು ಎಂಬುದು ಒಂದು. ಹೋಗುವ ದಿನ ತಾಯಿಗೆ ತಿಳಿಸಿಯೇ ಹೋಗಬೇಕು ಎಂಬುದು ಇನ್ನೊಂದು. ಮನೆಯಿಂದ ಬಚ್ಚಿಟ್ಟ ಹವ್ಯಾಸವೂ, ಮನೆಯಿಂದ ಬಚ್ಚಿಟ್ಟ ತಪ್ಪೂ ಒಂದೇ ಕಡೆ ಹಿಡಿದ ಪಿನ್ನಿನಂತೆ ಎಂದು ನನಗೆ ಆ ವಾರ ಮನವರಿಕೆಯಾಗಿತ್ತು. ಮಗ ಒಪ್ಪಿದ. ಸ್ವಲ್ಪ ದೂರ ಹೋದ ಮೇಲೆ, "ಅಪ್ಪಾ, ಆ ಹುಡುಗ ಈಗ ಎಲ್ಲಿ ಅದಾನ?" ಎಂದು ಕೇಳಿದ. ಬೀಳಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವನೆಂದು ನನಗೆ ತಿಳಿದಿತ್ತು. ತಿಳಿದೂ ಹೋಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಊರಿಗೆ ಬಂದ ಮೂರನೆಯ ದಿನ ಬಸ್ಸು ಹತ್ತಿ ಹೋದೆ. ಈಗ ಅವನಿಗೆ ನಲವತ್ತು ದಾಟಿದೆ. ಕೃತಕ ಕಾಲು, ಎರಡು ಮಕ್ಕಳು. ಗುರುತು ಹಿಡಿದು, "ಬರ್ರಿ ಯಜಮಾನ್ರ" ಎಂದು ಸ್ಟೂಲು ಹಾಕಿದ. ನೀರು ಕುಡಿದೆ. ಹೇಗೆ ಆರಂಭಿಸಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಮರೆತುಹೋದವು. "ಆ ಕೊಂಡಿಯ ಕೆಳಗಿನ ತಗಡು ನಾನ ಕೊಯ್ದಿದ್ದೆಪಾ" ಎಂದಷ್ಟೇ ಹೇಳಿದೆ.

ಅವನು ಗಿರಾಕಿಗೆ ಬೆಲ್ಲ ತೂಗುತ್ತಿದ್ದ. ತೂಗಿ ಕೊಟ್ಟು, ಚಿಲ್ಲರೆ ಎಣಿಸಿ, ನನ್ನ ಕಡೆ ತಿರುಗಿದ. "ನನಗ ಗೊತ್ತೈತ್ರಿ. ಆ ರಾತ್ರಿ ಕರೆಂಟ್ ಹೋಗಿತ್ತು. ನೀವು ಕೊಯ್ಯುವಾಗ ಬ್ಯಾಟರಿ ಹಿಡಕೊಂಡ ನಿಂತಾಂವ ನಾನ" ಎಂದ.

ನನಗೆ ಉಸಿರು ನಿಂತಂತಾಯಿತು. ಮಾಲೀಕರ ಹಿಂದೆ ಒಬ್ಬ ಹುಡುಗ ಬೆಳಕು ಹಿಡಿದು ನಿಂತಿದ್ದ ಎಂಬುದು ಇಷ್ಟು ವರ್ಷ ನನ್ನ ನೆನಪಿನಲ್ಲಿಯೇ ಇರಲಿಲ್ಲ. ತಗಡು ನೆನಪಿತ್ತು, ಕೂಲಿ ನೆನಪಿತ್ತು. ಬೆಳಕು ಹಿಡಿದವನ ಮುಖ ನೆನಪಿರಲಿಲ್ಲ.

"ಮತ್ತ ಇಷ್ಟ ವರ್ಷ ಯಾಕ ಒಂದ ಮಾತು ಕೇಳಲಿಲ್ಲೋ?" ಎಂದೆ. "ನೀವ ಬಂದು ಹೇಳತೀರಂತ ಮೊದಲ ಮೊದಲ ಕಾದೆರಿ. ಆಮ್ಯಾಲ ಬಿಟ್ಟೆ" ಎಂದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ತಾಳಿಕೊಳ್ಳುವುದು ಸುಲಭವಾಗುತ್ತಿತ್ತು. ಕ್ಷಮಿಸು ಎಂದು ಕೇಳಿದೆ. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ. ಒಳಗೆ ಕೂಗಿ ಚಹ ತರಿಸಿದ. ಕುಡಿಯುತ್ತಿದ್ದಾಗ, "ನನ್ನ ಹಿರೀ ಮಗ ಹತ್ತನೇತ್ತ ಮುಗಿಸ್ಯಾನ್ರಿ. ಓದಾಕ ಮನಸಿಲ್ಲ, ಗಾಡಿ ಕೆಲಸ ಕಲೀತೇನಂತಾನ. ನಿಮ್ಮ ಅಂಗಡ್ಯಾಗ ಇಟ್ಕೋತೀರೇನು?" ಎಂದು ಕೇಳಿದ. ಆ ಪ್ರಶ್ನೆಗೆ ಕೂಡಲೇ ಉತ್ತರಿಸಲು ನನ್ನಿಂದಾಗಲಿಲ್ಲ. ಅವನೇ ಮುಂದುವರಿದು, "ಈಗ ಎರಡೂ ಕಡೆ ತಗಡು ಹಾಕತೀರಿಲ್ಲ?" ಎಂದ.

"ಹಾಕತೇನಪಾ" ಎಂದೆ.

ಆ ಹುಡುಗ ಆ ವರ್ಷದ ಹಂಗಾಮಿಗೆ ಮುನ್ನವೇ ನಮ್ಮಲ್ಲಿಗೆ ಬಂದ. ನಾನು ಈಗ ಅಂಗಡಿಯಲ್ಲಿ ಕುಳಿತು ನೋಡುವುದಷ್ಟೇ, ಕೈಗೆಲಸವೆಲ್ಲ ಹುಡುಗರದು. ಇವನಿಗೆ ಮೊದಲು ಕಲಿಸಿದ್ದು ವೆಲ್ಡಿಂಗ್ ಅಲ್ಲ. ಟ್ರೇಲರಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಕೊಂಡಿಯ ಕೆಳಗೆ ಬ್ಯಾಟರಿ ಬಿಟ್ಟು ನೋಡುವುದನ್ನು. ಬಿಗಿದ ನಟ್ಟಿನ ಮೇಲೆ ಅವನು ಬಿಳಿಯ ಗೆರೆ ಎಳೆಯುತ್ತಾನೆ. ಟ್ರ್ಯಾಕ್ಟರ್ ಚಾಲಕರು ಮೊದಲು ನಗುತ್ತಿದ್ದರು. ಈಗ ಕಾರ್ಖಾನೆಯ ಅಂಗಳದಲ್ಲಿ ಸರದಿ ಕಾಯುವಾಗ ಕೆಲವರು ತಾವೇ ಬಗ್ಗಿ ಆ ಗೆರೆ ನೋಡುತ್ತಾರಂತೆ.

ತಿಂಗಳಿಗೊಮ್ಮೆ ಬ್ರಿಸ್ಟಲಿನಿಂದ ಮಗ ತಾಯಿಗೆ ಫೋನು ಮಾಡಿ, "ಅವ್ವಾ, ಗೆರಿ ನೋಡೇನಿ, ಹೊಂಟೇನಿ" ಎನ್ನುತ್ತಾನೆ. ಸಂಜೆ ಮತ್ತೆ ಫೋನು ಬರುವವರೆಗೆ ಅವರು ಊಟಕ್ಕೆ ಏಳುವುದಿಲ್ಲ. ಅದನ್ನು ನಾನು ಬಿಡಿಸಲು ಹೋಗಿಲ್ಲ.